ಕೆಂಪು ಮೀನಿನ ರಸೀದಿ

ನಾನು ಮೀನಿನ ಹೊಟ್ಟೆಯೊಳಗಿದ್ದೆ. ಮೇಲಿಂದ ಪೆಟ್ರೋಲ್ ಸುರಿಯುತ್ತಿತ್ತು!

ತಮಾಷೆಯಲ್ಲ. ಮರದ ಮೀನು. ಆಳುದ್ದದ ಕೆಂಪು ಮೀನು. ಬೆನ್ನಿನ ಮೇಲೆ ಮುಚ್ಚಳ, ಒಳಗೆ ಬಿಳಿ ಸ್ಯಾಟಿನ್, ತಲೆಯಿಡಲು ಪುಟ್ಟ ದಿಂಬು. ಅಕ್ರಾ ಪಕ್ಕದ ನಮ್ಮ ಕಡಲೂರು ತೇಶಿಯಲ್ಲಿ ಮೀನುಗಾರ ಸತ್ತರೆ ಮೀನಿನಲ್ಲಿ ಮಲಗಿ ಮಣ್ಣಿಗೆ ಹೋಗುತ್ತಾನೆ. ಡ್ರೈವರ್ ಸತ್ತರೆ ವ್ಯಾನಿನಲ್ಲಿ. ಮೆಣಸಿನಕಾಯಿ ಮಾರುವವಳು ಮೆಣಸಿನಕಾಯಿಯಲ್ಲಿ.

ನನಗೆ ಸಾಯುವ ಪ್ಲಾನ್ ಇರಲಿಲ್ಲ.

ಹೊರಗೆ ಇಬ್ಬರಿದ್ದರು. ಒಬ್ಬನದು ದಪ್ಪ ದನಿ, ಇನ್ನೊಬ್ಬನದು ಕೀರಲು.

"ಪೂರ್ತಿ ಸುರೀಬೇಕಾ?" ಕೀರಲು ದನಿ.

"ಸುರಿಯೋ ಮಾರಾಯ. ಗುರುತೂ ಸಿಗಬಾರದು ಅಂದಿದಾರೆ ಯಜಮಾನ್ರು."

"ಕಡಲಿಗೆ ಹಾಕಿದ್ರೆ ಮುಗೀತಿತ್ತಪ್ಪ..."

"ಇವತ್ತು ಯಾವ ವಾರ? ತಲೆ ಇದೆಯಾ ನಿಂಗೆ?"

ಮಂಗಳವಾರ. ಮಂಗಳವಾರ ನಮ್ಮ ಕಡಲಿಗೆ ರಜ. ದೋಣಿ ಇಳಿಯುವುದಿಲ್ಲ, ಬಲೆ ಬೀಳುವುದಿಲ್ಲ, ಗಂಡಸರು ನೀರಿಗೆ ಕಾಲಿಡುವುದಿಲ್ಲ. ಅವತ್ತು ಕಡಲಿನ ದೇವರನ್ನು ಅದರ ಪಾಡಿಗೆ ಬಿಡಬೇಕು. ಇಲ್ಲದಿದ್ದರೆ ಈ ಮೀನನ್ನು ನನ್ನ ಸಮೇತ ಮುಳುಗಿಸುತ್ತಿದ್ದರು. ಸುಡುವುದಕ್ಕಿಂತ ಅದು ವಾಸಿಯೋ ಅಲ್ಲವೋ... ಯೋಚಿಸಲು ಪುರುಸೊತ್ತಿರಲಿಲ್ಲ.

ಕಿವಿರಿನ ಸೀಳಿನಿಂದ ಪೆಟ್ರೋಲ್ ತೊಟ್ಟಿಕ್ಕಿ ನನ್ನ ಕತ್ತಿಗಿಳಿಯಿತು. ಆ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ. ಕರ್ಪೂರ... ಶವಾಗಾರದ ಔಷಧಿ...

ನನಗಿಂತ ಮುಂಚೆ ಇಲ್ಲಿ ಒಬ್ಬ ಮಲಗಿದ್ದ. ಅವನನ್ನು ಯಾರೋ ಎಬ್ಬಿಸಿದ್ದರು. ಅದಕ್ಕೇ ನಾನು ಬಂದಿದ್ದು.

ನನ್ನ ಹೆಸರು ಓಡೊಯ್. ಮೊದಲು ಅಕ್ರಾದ ಒಂದು ಬ್ಯಾಂಕಿನಲ್ಲಿದ್ದೆ, ಕಾರ್ಡ್ ತಕರಾರುಗಳ ವಿಭಾಗದಲ್ಲಿ. ಈಗ ಅಂಗಡಿಯವರ ಪರ ಕೆಲಸ ಮಾಡುತ್ತೇನೆ. ಕಾರ್ಡಿನಲ್ಲಿ ದುಡ್ಡು ಕೊಟ್ಟ ಗಿರಾಕಿ ತನ್ನ ಬ್ಯಾಂಕಿಗೆ ಹೋಗಿ 'ಮಾಲು ಬರಲೇ ಇಲ್ಲ' ಅಂದರೆ ಸಾಕು. ಅಂಗಡಿಯವನ ಖಾತೆಯಿಂದ ದುಡ್ಡು ವಾಪಸ್ ಹಾರುತ್ತದೆ! ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಅಂಗಡಿಯವನು ಗಡುವು ಮುಗಿಯುವುದರೊಳಗೆ ಪುರಾವೆ ಕೊಟ್ಟು ಹೋರಾಡಬೇಕು. ಆ ಪುರಾವೆ ಹುಡುಕಿ ತರುವುದೇ ನನ್ನ ದಂಧೆ. ಹೋಟೆಲಿನವರು, ಬಟ್ಟೆ ಅಂಗಡಿಯವರು, ಟೂರ್ ಮಾಡಿಸುವವರು... ಎಲ್ಲರದ್ದೂ ಮಾಡಿದ್ದೆ. ಶವಪೆಟ್ಟಿಗೆ ಮಾತ್ರ ಇದೇ ಮೊದಲು.

ಶವಪೆಟ್ಟಿಗೆ ಮಾಡುವ ಬೋರ್ಟೆಲೆ ಅಕ್ಕನ ಶೆಡ್ ರಸ್ತೆಯ ಪಕ್ಕದಲ್ಲೇ ಇದೆ. ಅಪ್ಪ ಸತ್ತ ಮೇಲೆ ಉಳಿ ಸುತ್ತಿಗೆ ಅವಳೇ ಹಿಡಿದಳು. ಗಟ್ಟಿ ಹೆಂಗಸು. ನಾನು ಹೋದಾಗ ಮರದ ಅನಾನಸಿಗೆ ಕಣ್ಣು ಕೆತ್ತುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ.

"ಬಾ ಓಡೊಯ್. ಅಳತೆ ತಗೊಳ್ಲಾ?"

"ಇನ್ನೂ ಟೈಮಿದೆ ಅಕ್ಕಾ."

"ಎಲ್ಲರೂ ಹಾಗೇ ಅಂತಾರೆ."

ಆಮೇಲೆ ವಿಷಯ ಹೇಳಿದಳು. ಸೋವಾ ಅನ್ನುವ ಮುದುಕ, ಹಳೇ ಮೀನುಗಾರ, ಸತ್ತ. ಮಗ ಅನಾಂಗ್ ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದಾನೆ. ಅಪ್ಪನಿಗೆ ಕೆಂಪು ಮೀನು ಬೇಕು ಅಂತ ಅಲ್ಲಿಂದಲೇ ಕಾರ್ಡಿನಲ್ಲಿ ಪೂರ್ತಿ ದುಡ್ಡು ಕೊಟ್ಟ. ಬೋರ್ಟೆಲೆ ಮೀನು ಮಾಡಿ ಮುದುಕನ ತಮ್ಮ ಆಶಿಟೆಯ ಮನೆಗೆ ತಲುಪಿಸಿದಳು. ಈಗ ಅನಾಂಗ್ ಚಾರ್ಜ್‌ಬ್ಯಾಕ್ ಹಾಕಿದ್ದಾನೆ. ಕಾರಣ... ಮಾಲು ಬರಲೇ ಇಲ್ಲ!

"ರಸೀದಿಗೆ ಸಹಿ ತಗೊಂಡಿದ್ಯಾ?" ಕೇಳಿದೆ.

ಅವಳು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು.

"ನೀನು ಈ ಊರವನೇನೋ, ಇಲ್ಲಾ ಈಗ ವಿಮಾನದಿಂದ ಇಳಿದ್ಯಾ? ಶವಪೆಟ್ಟಿಗೆ ರಸೀದಿಗೆ ಯಾರು ಸಹಿ ಹಾಕ್ತಾರೋ?"

ನಿಜ. ಯಾರೂ ಹಾಕುವುದಿಲ್ಲ. ಹಾಕಿದವನಿಗೇ ಮುಂದಿನ ಪೆಟ್ಟಿಗೆ ಅನ್ನುವುದು ನಮ್ಮವರ ನಂಬಿಕೆ. ಪೆಟ್ಟಿಗೆ ಬಂತೆಂದರೆ ನೆಲಕ್ಕೆ ಒಂದಿಷ್ಟು ಜಿನ್ ಸುರಿದು, ಉಳಿದದ್ದನ್ನು ಕುಡಿದು, ಒಳಗೆ ತೆಗೆದುಕೊಳ್ಳುತ್ತಾರೆ. ಅದೇ ರಸೀದಿ. ಹ್ಯಾಂಬರ್ಗಿನ ಬ್ಯಾಂಕಿಗೆ ಜಿನ್ ವಾಸನೆಯನ್ನು ಕಳಿಸಲಾಗುವುದಿಲ್ಲವಲ್ಲ!

"ವಿಡಿಯೋ? ಶವಯಾತ್ರೆಯಲ್ಲಿ ಯಾರಾದ್ರೂ ತೆಗೆದಿರ್ತಾರಲ್ಲ?"

"ತೆಗೆದವನ ಕ್ಯಾಮೆರಾನ ಆಶಿಟೆ ಕಡಲಿಗೆ ಎಸೆದ."

"ಯಾಕೆ?"

ಬೋರ್ಟೆಲೆ ಉಳಿ ಕೆಳಗಿಟ್ಟಳು. ದನಿ ತಗ್ಗಿತು.

"ಸೋವಾ ಅಜ್ಜ ದಾರಿ ಬಿಟ್ಟ."

ಇದರ ಅರ್ಥ ಈ ಊರಿನ ಮಕ್ಕಳಿಗೂ ಗೊತ್ತು. ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಊರು ಸುತ್ತಿಸುವಾಗ ಕೆಲವು ಹೆಣಗಳು ನೆಟ್ಟಗೆ ಹೋಗುವುದಿಲ್ಲ. ತನಗೆ ಕೇಡು ಮಾಡಿದವನ ಬಾಗಿಲಿಗೆ ಎಳೆಯುತ್ತವೆ.

"ಸ್ಮಶಾನಕ್ಕೆ ಬಲಕ್ಕೆ ತಿರುಗ್ಬೇಕು ಕಣೋ. ಮೀನು ಎಡಕ್ಕೆ ತಿರುಗ್ತು. ಸೀದಾ ಹೋಗಿ ಆಶಿಟೆ ಮನೆ ಹಸಿರು ಗೇಟಿಗೆ ಮೂತಿ ಗುದ್ದಿತು. ಹಿಂದೆ ಎಳೆದ್ರು. ಮತ್ತೆ ಗುದ್ದಿತು!"

"ಹೊತ್ತೋರು ಕುಡಿದಿರ್ಬೇಕು."

"ಅವರೂ ಹಾಗೇ ಅಂದ್ರು. ಆಮೇಲೆ ನಾಲ್ಕೂ ಜನರ ಹೆಗಲು ನೋಡ್ದೆ. ಚರ್ಮ ಸುಲಿದಿತ್ತು. ಎಲ್ಲರದ್ದೂ ಒಂದೇ ಕಡೆಗೆ."

ಆಶಿಟೆ ಪೆಟ್ಟಿಗೆಗೇ ಮಾಟ ಆಗಿದೆ ಅಂತ ಕೂಗಾಡಿದನಂತೆ. ಜನರನ್ನು ಓಡಿಸಿ, ಅಣ್ಣನನ್ನು ಮೀನಿನಿಂದ ಎತ್ತಿಸಿ, ಬರೀ ಹಲಗೆಯ ಡಬ್ಬಿಗೆ ಹಾಕಿ ಹೂಳಿಸಿದ. ಆ ಡಬ್ಬಿಯ ಫೋಟೋ ತೆಗೆದು ಅನಾಂಗನಿಗೆ ಕಳಿಸಿದ. ಬೋರ್ಟೆಲೆ ನಿನ್ನ ದುಡ್ಡು ನುಂಗಿದಳು, ಮೀನು ಕಳಿಸಲೇ ಇಲ್ಲ ಅಂದ.

"ಊರೆಲ್ಲ ನೋಡಿತ್ತಲ್ಲ ಅಕ್ಕಾ. ಯಾರಾದ್ರೂ ಸಾಕ್ಷಿ..."

"ದೋಣಿ ಆಶಿಟೆದು, ಬಲೆ ಆಶಿಟೆದು, ಕೂಲಿ ಆಶಿಟೆ ಕೊಡೋದು. ಯಾರು ಬಾಯಿ ಬಿಡ್ತಾರೆ?"

ದುಡ್ಡು ಹೋದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಆದರೆ ಹಿಂದೆ ಬಂದ ತಕರಾರುಗಳಿಗೆ ಉತ್ತರವನ್ನೇ ಕೊಡದೆ ಸೋತಿದ್ದಳು. ಪೇಮೆಂಟ್ ಕಂಪನಿ ಕೊನೆಯ ಎಚ್ಚರಿಕೆ ಕೊಟ್ಟಿತ್ತು. ಇದೊಂದು ಸೋತರೆ ಕಾರ್ಡಿನಲ್ಲಿ ದುಡ್ಡು ಪಡೆಯುವ ಅವಳ ಲಿಂಕ್ ಬಂದ್! ಅವಳ ಗಿರಾಕಿಗಳೆಲ್ಲ ಹೊರದೇಶದಲ್ಲಿರುವ ಮಕ್ಕಳು. ಲಿಂಕ್ ಹೋದರೆ ಶೆಡ್ ಹೋದ ಹಾಗೆ.

"ಅಪ್ಪನ ಉಳಿ ಮಾರಿ ಬೀದೀಲಿ ಕೆಂಕಿ ಮುದ್ದೆ ಬೇಯಿಸ್ಕೊಂಡು ಕೂರ್ಬೇಕಷ್ಟೆ," ಅಂದಳು. ಕಣ್ಣು ಒರೆಸಿಕೊಳ್ಳಲಿಲ್ಲ. ಮರದ ಪುಡಿ ಮೆತ್ತಿದ ಕೈ.

ನಮ್ಮ ಕಸುಬಿನಲ್ಲಿ ಮೊದಲು ಮಾಡುವ ಕೆಲಸ, ಗಿರಾಕಿಯ ಜೊತೆ ಮಾತಾಡುವುದು. ಅವನೇ ತಕರಾರು ಹಿಂದಕ್ಕೆ ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು. ಹ್ಯಾಂಬರ್ಗಿಗೆ ಫೋನ್ ಹಚ್ಚಿದೆ.

"ಅನಾಂಗ್, ಮೀನು ಬಂದಿತ್ತು. ನಿಮ್ಮಪ್ಪ ಅದರಲ್ಲೇ ಮಲಗಿದ್ರು."

"ಸುಳ್ಳು ಬೊಗಳ್ಬೇಡಿ! ಫೋಟೋ ಇದೆ ನನ್ನ ಹತ್ರ. ಟೊಮ್ಯಾಟೋ ಡಬ್ಬಿ ಥರ ಇದೆ. ನಮ್ಮಪ್ಪನ್ನ ಅದರಲ್ಲಿ..." ದನಿ ಒಡೆಯಿತು. "ರಜ ಸಿಗ್ಲಿಲ್ಲ, ಮಣ್ಣಿಗೂ ಬರೋಕಾಗ್ಲಿಲ್ಲ ನಂಗೆ. ಆ ಮೀನೊಂದೇ ನಾನು ಕೊಡೋಕಾಗಿದ್ದು. ಅದನ್ನೂ ಕದ್ರಲ್ಲ ಕಳ್ಳರು!"

ಫೋನ್ ಇಟ್ಟ. ಮೋಸಗಾರರನ್ನು ನಾನು ಬೆಳಗಿನ ತಿಂಡಿಗೆ ತಿನ್ನುತ್ತೇನೆ. ಇವನು ಮೋಸಗಾರನಲ್ಲ. ಇವನ ಪಾಲಿಗೆ ಮಾಲು ನಿಜವಾಗಿಯೂ ಬಂದಿಲ್ಲ.

ಆಶಿಟೆಯ ಮನೆಗೆ ಹೋದೆ. ಹಸಿರು ಗೇಟಿನಲ್ಲಿ ಒಂದು ತಗ್ಗು. ಅದರ ಮೇಲೆ ಹೊಸ ಬಣ್ಣ. ಬಣ್ಣದಡಿಯಲ್ಲಿ ಒಂದು ಗೆರೆ ಕೆಂಪು ಇಣುಕುತ್ತಿತ್ತು.

ಆಶಿಟೆ ಹುರಿದ ಮೀನು ಬಿಡಿಸುತ್ತ ಕೂತಿದ್ದ. ಮೆಲುದನಿಯ ಮನುಷ್ಯ.

"ಬೋರ್ಟೆಲೆಗೆ ಎಷ್ಟು ನಷ್ಟ? ನಾನು ನಗದು ಕೊಡ್ತೀನಿ, ಇವತ್ತೇ. ನೀನು ಬ್ಯಾಂಕಿಗೆ ಉತ್ತರ ಬರೀಬೇಡ."

"ಪೆಟ್ಟಿಗೆ ಬರಲೇ ಇಲ್ಲ ಅಂದಿದ್ರಲ್ಲ ಯಜಮಾನ್ರೇ? ಬಾರದ ಪೆಟ್ಟಿಗೆಗೆ ನಿಮ್ಮ ದುಡ್ಡು ಯಾಕೆ?"

ಅವನು ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟ.

"ನಿಂಗೆ ಮಕ್ಕಳಿದಾರಾ?"

"ಇಲ್ಲ."

"ಒಳ್ಳೇದಾಯ್ತು."

ಅಷ್ಟೇ ಮಾತು. ನಾನು ಎದ್ದು ಬಂದೆ.

ಗೇಟಿನ ಆಚೆ ಕೆಂಕಿ ಮಾರುವ ಹೆಂಗಸು ಕೂತಿದ್ದಳು. ಹುದುಗು ಬಂದ ಮೆಕ್ಕೆಜೋಳದ ಬಿಸಿ ಮುದ್ದೆಗೆ ಖಾರ ಹಚ್ಚಿಕೊಡುತ್ತ, ತಲೆಯೆತ್ತದೆ ಗೊಣಗಿದಳು.

"ಕಡಲ ಹತ್ರ ಆಶಿಟೆ ಬಲೆ ಶೆಡ್ ಇದೆ ನೋಡು. ಅಲ್ಲಿ ಟಾರ್ಪಾಲಿನ ಕೆಳಗೆ ಒಂದು ಮೀನು ಬಿದ್ದಿದೆ. ಇಷ್ಟು ದಿನ ಆದ್ರೂ ನಾರಿಲ್ಲ."

"ಯಾಕೆ ಸುಟ್ಟು ಹಾಕಿಲ್ಲ ಅವನು?"

"ಹೆದ್ರಿಕೆ. ಮುಟ್ಟೋಕೂ ಹೆದ್ರಿಕೆ, ಇಟ್ಕೊಳ್ಳೋಕೂ ಹೆದ್ರಿಕೆ. ನಾನೇನೂ ಹೇಳ್ಲಿಲ್ಲಪ್ಪ. ಚಿಲ್ಲರೆ ಕೊಡು."

ಹೀಗೆ ಆ ಮಂಗಳವಾರ ಮಟಮಟ ಮಧ್ಯಾಹ್ನ ನಾನು ಶೆಡ್ಡಿಗೆ ನುಗ್ಗಿದೆ. ಫೋನಿನ ವಿಡಿಯೋ ಆನ್ ಮಾಡಿದೆ. ಟಾರ್ಪಾಲನ್ನು ಎತ್ತಿದೆ. ಕೆಂಪು ಮೀನು! ಮೂತಿಯಲ್ಲಿ ಹಸಿರು ಬಣ್ಣ ಮೆತ್ತಿತ್ತು. ಬಾಲದ ಅಡಿಯಲ್ಲಿ ಬೋರ್ಟೆಲೆಯ ಅಪ್ಪನ ಗುರುತು, ಪುಟ್ಟ ಬಾಚಿಯ ಚಿತ್ರ. ಮುಚ್ಚಳ ತೆಗೆದೆ. ಒಳಗೆ ಒಂದು ಮೊಳೆಗೆ ಸಿಕ್ಕಿಕೊಂಡು ಹರಿದ ನೀಲಿ ಬಟ್ಟೆಯ ಚೂರು. ಬಟ್ಟೆಯ ತುಂಬ ಲಂಗರಿನ ಚಿತ್ರ.

ಆ ಬಟ್ಟೆ ನನಗೆ ಗೊತ್ತಿತ್ತು. 'ಅಪ್ಪನಿಗೆ ಇದನ್ನೇ ಹೊದಿಸಿ' ಅಂತ ಅನಾಂಗ್ ಹ್ಯಾಂಬರ್ಗಿನಿಂದ ಕಳಿಸಿದ್ದ. ಅದರ ಫೋಟೋ ಬೋರ್ಟೆಲೆಯ ಫೋನಿನಲ್ಲಿತ್ತು. ಗೆದ್ದೆ ಅಂದುಕೊಂಡೆ...

ಹೊರಗೆ ಹೆಜ್ಜೆ ಸಪ್ಪಳ! ಶೆಡ್ಡಿಗೆ ಇದ್ದದ್ದು ಒಂದೇ ಬಾಗಿಲು. ನಾನು ಕಾಲು ಮಡಚಿ ಮೀನಿನೊಳಗೆ ಇಳಿದೆ. ಮುಚ್ಚಳ ಎಳೆದುಕೊಂಡೆ. ಫೋನಿನ ವಿಡಿಯೋ ಓಡುತ್ತಲೇ ಇತ್ತು. ನನ್ನ ಹುಡುಕಾಟ ಆಶಿಟೆಯ ಹೆದರಿಕೆಯನ್ನು ಬಿಡಿಸಿತ್ತು ಅಂತ ಕಾಣುತ್ತದೆ, ಅವತ್ತೇ ಸುಡಲು ಹೇಳಿದ್ದ.

ಈಗ ಗೊತ್ತಾಯಿತಲ್ಲ, ನಾನು ಅಲ್ಲಿಗೆ ಹೇಗೆ ಬಂದೆ ಅಂತ?

"ಇನ್ನು ಹೊರಗೆಳೆದು ಹಚ್ಚೋದೊಂದೇ. ಕಡ್ಡಿಪೆಟ್ಟಿಗೆ ಎಲ್ಲೋ?" ದಪ್ಪ ದನಿ ಕೇಳಿತು.

"ಯಜಮಾನ್ರ ಹತ್ರ ಲೈಟರ್ ಇದೆ. ಬರ್ತಿದಾರೆ."

ನೀವಾದರೆ ಏನು ಮಾಡುತ್ತಿದ್ದಿರಿ? ಕೂಗುತ್ತಿದ್ದಿರಾ? ಕೂಗಿದರೆ ಒಳಗಿರುವವನು ಮನುಷ್ಯ ಅಂತ ಗೊತ್ತಾಗುತ್ತದೆ. ಮನುಷ್ಯನನ್ನಾದರೆ ಕೊಲ್ಲಬಹುದು.

ನಾನು ಬಡಿದೆ. ಒಳಗಿನಿಂದ. ನಿಧಾನಕ್ಕೆ... ಎರಡು ಸಲ.

ಹೊರಗೆ ಉಸಿರು ನಿಂತಿತು. ಡಬ್ಬ ಧಡಾರನೆ ಬಿತ್ತು. "ಅಯ್ಯೋ ಅಜ್ಜಾ! ನಾವಲ್ಲ ಅಜ್ಜಾ!" ಕೀರಲು ದನಿ ಕಡಲ ಕಡೆಗೆ ಓಡುತ್ತ ಸಣ್ಣಗಾಯಿತು. ದಪ್ಪ ದನಿ ಅದಕ್ಕಿಂತ ಮುಂಚೆಯೇ ಓಡಿತ್ತು.

ಮುಚ್ಚಳಕ್ಕೆ ಕೈ ಹಚ್ಚಿದೆ. ಅಷ್ಟರಲ್ಲಿ ಚಪ್ಪಲಿಯ ಸದ್ದು. ಈ ಚಪ್ಪಲಿ ಓಡಲಿಲ್ಲ. ಹತ್ತಿರ ಬಂತು. ನಿಂತಿತು. ಮಂಡಿಯೂರಿದ ಸದ್ದು.

"ಅಣ್ಣಾ..."

ಆಶಿಟೆ!

"ಅಣ್ಣಾ, ಎಲ್ಲರೆದುರಿಗೆ ಗೇಟಿಗೆ ಬಂದು ಮಾನ ತೆಗೆದೆ. ಸಾಲ್ದಾ? ಈ ಮೀನಿಂದ ನಿನ್ನನ್ನ ಎತ್ತಿಸಿದ್ದು ನಾನೇ. ಒಪ್ತೀನಿ." ಉಸಿರು ಎಳೆದುಕೊಂಡ. "ಅನಾಂಗ್ ನಿನ್ನ ಆಪರೇಷನ್ನಿಗೆ ಅಂತ ದುಡ್ಡು ಕಳಿಸ್ದ. ಆಸ್ಪತ್ರೆಗೆ ಹೋದ್ರೂ ನೀನು ಉಳಿಯಲ್ಲ ಅಂದ್ಕೊಂಡೆ. ದೋಣಿಗೆ ಮೋಟಾರ್ ತಗೊಂಡೆ. ನೀನು ಒಳಗಡೆ ನೋವು ನೋವು ಅಂತ ಕೂಗ್ತಿದ್ದೆ... ನಾನು ರೇಡಿಯೋ ಜೋರು ಮಾಡ್ದೆ. ಇನ್ನು ಹೋಗಣ್ಣಾ. ನಿನ್ನ ದಮ್ಮಯ್ಯ, ಹೋಗು!"

ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪೆಟ್ರೋಲಿನಿಂದ ಅಂದುಕೊಳ್ಳಿ. ಆ ದಿಂಬಿನ ಮೇಲೆ ತಲೆಯಿಟ್ಟು ಆ ಮಾತು ಕೇಳಿದ್ದು ನಾನು. ಕೇಳಬೇಕಾಗಿದ್ದವನು ಟೊಮ್ಯಾಟೋ ಡಬ್ಬಿಯಲ್ಲಿ, ಮಣ್ಣಿನಡಿಯಲ್ಲಿದ್ದ.

ಆಗ ನನ್ನ ಫೋನ್ ಝುಂಯ್ ಅಂತ ನಡುಗಿತು. ಬೋರ್ಟೆಲೆ! ಮರದ ಮೈಯಲ್ಲಿ ಆ ಸದ್ದು ತಮಟೆಯಂತೆ ಮೊಳಗಿತು.

ಹೆಣಗಳಿಗೆ ಫೋನ್ ಬರುವುದಿಲ್ಲ. ಆಶಿಟೆಗೂ ಅದು ಹೊಳೆಯಿತು.

ಮುಚ್ಚಳವನ್ನು ಒದ್ದೆ. ಹೊರಗೆ ಹಾರಿದೆ. ಅವನ ಕೈಯಲ್ಲಿ ಲೈಟರ್ ಇತ್ತು. ನಾನೋ ತಲೆಯಿಂದ ಕಾಲಿನವರೆಗೆ ಪೆಟ್ರೋಲ್!

"ಫೋನ್ ಕೊಡು ಓಡೊಯ್."

"ಕೊಡಲ್ಲ."

"ಬತ್ತಿ ಥರ ಉರೀತೀಯ."

"ಗೊತ್ತು."

ಹಿಂದಕ್ಕೆ ಸರಿದೆ. ಬೆನ್ನಿಗೆ ತಣ್ಣಗೆ ಏನೋ ತಗಲಿತು. ತಿರುಗಿದೆ. ಸ್ಟ್ಯಾಂಡಿನ ಮೇಲೆ ಫಳಫಳ ಹೊಳೆಯುವ ಹೊಸ ದೋಣಿ ಮೋಟಾರ್. ಪ್ಲಾಸ್ಟಿಕ್ ಕವರನ್ನೂ ಪೂರ್ತಿ ತೆಗೆದಿರಲಿಲ್ಲ. ನಾನು ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ.

"ಹಚ್ಚಿ ಯಜಮಾನ್ರೇ. ಇಬ್ರೂ ಒಟ್ಟಿಗೆ ಉರೀತೀವಿ."

ಅವನ ಹೆಬ್ಬೆರಳು ಲೈಟರಿನ ಮೇಲೆ ನಿಂತಿತು. ನನ್ನ ಮುಖ ನೋಡಿದ. ಮೋಟಾರ್ ನೋಡಿದ. ಮತ್ತೆ ಮೋಟಾರನ್ನೇ ನೋಡಿದ! ಅಣ್ಣನ ಮೇಲಿಲ್ಲದ ಪ್ರೀತಿ ಆ ಯಂತ್ರದ ಮೇಲಿತ್ತು.

ಆ ಒಂದು ಕ್ಷಣ ಸಾಕಾಯಿತು. ಅವನನ್ನು ತಳ್ಳಿ ಓಡಿದೆ.

"ಹಿಡೀರೋ ಅವನನ್ನ!"

ದಂಡೆಯ ತುಂಬ ಬಲೆ ಹೊಲಿಯುವವರು. ಒಂದು ಕಡೆಯಿಂದ ದಪ್ಪನೆಯವನು ಮಚ್ಚು ಹಿಡಿದು ಬಂದ. ಇನ್ನೊಂದು ಕಡೆಯಿಂದ ಕೀರಲು ದನಿಯವನು. ದಾರಿ ಉಳಿದದ್ದು ಒಂದೇ. ಎದುರಿಗಿನ ಕಡಲು!

ಮಂಗಳವಾರದ ಕಡಲು.

ಫೋನನ್ನು ತಲೆಯ ಮೇಲೆತ್ತಿ ನೀರಿಗೆ ನುಗ್ಗಿದೆ. ದಂಡೆಯಲ್ಲಿ ಹಾಹಾಕಾರ. ಇಬ್ಬರೂ ನೀರಿನಂಚಿನಲ್ಲಿ ಗಕ್ಕನೆ ನಿಂತರು. ಒಂದು ಅಲೆ ಕಾಲಿನ ಹತ್ತಿರ ಬಂದರೆ ಹಿಂದಕ್ಕೆ ಹಾರಿದರು. ನಾನು ಎದೆಮಟ್ಟದ ನೀರಿನಲ್ಲಿ ಬಂಡೆ ಸುತ್ತಿ, ಆಚೆ ದಂಡೆ ಹತ್ತಿ, ವ್ಯಾನ್ ಹಿಡಿದೆ. ನನ್ನ ಪಕ್ಕ ಯಾರೂ ಕೂರಲಿಲ್ಲ.

ಹಿಂದೆ, ಶೆಡ್ಡಿನ ಹೊರಗಿನ ಮರಳ ಮೇಲಿಂದ ಕಪ್ಪು ಹೊಗೆ ಎದ್ದಿತ್ತು. ಮೀನು ಹೋಯಿತು.

ಮಂಗಳವಾರ ನೀರಿಗಿಳಿದ ತಪ್ಪಿಗೆ ಮೀನುಗಾರರ ಮುಖಂಡ ನನಗೆ ಒಂದು ಕುರಿ ದಂಡ ಹಾಕಿದ. ಕೊಟ್ಟೆ. ಬೋರ್ಟೆಲೆಯ ಬಿಲ್ಲಿನಲ್ಲಿ 'ಇತರೆ ಖರ್ಚು' ಅಂತ ಸೇರಿಸಿದೆ.

ಬ್ಯಾಂಕು ವಿಡಿಯೋ ತೆಗೆದುಕೊಳ್ಳುವುದಿಲ್ಲ. ಕಾಗದ ಬೇಕು. ವಿಡಿಯೋದಿಂದ ಚಿತ್ರಗಳನ್ನು ತೆಗೆದೆ. ಮೀನು, ಬಾಚಿಯ ಗುರುತು, ಹಸಿರು ಮೆತ್ತಿದ ಮೂತಿ, ನೀಲಿ ಬಟ್ಟೆಯ ಚೂರು. ಅದರ ಪಕ್ಕದಲ್ಲೇ ಅನಾಂಗ್ ಕಳಿಸಿದ್ದ ಬಟ್ಟೆಯ ಫೋಟೋ, ಅವನದೇ ಮೆಸೇಜು. ಆಮೇಲೆ ಆಶಿಟೆಯ ಮಾತನ್ನು ಟೈಪ್ ಮಾಡಲು ಕೂತೆ.

'ಈ ಮೀನಿಂದ ನಿನ್ನನ್ನ ಎತ್ತಿಸಿದ್ದು ನಾನೇ.'

ಅಲ್ಲಿ ಕೈ ನಿಂತಿತು.

ಬ್ಯಾಂಕಿಗೆ ಇಷ್ಟೇ ಸಾಕು. ಮೀನು ಬಂದಿತ್ತು, ಬಳಕೆಯಾಗಿತ್ತು, ಮುಗಿಯಿತು. ಕಾರಣಕ್ಕೆ ಬೇಕಾದಷ್ಟೇ ಕಳಿಸು, ಹೆಚ್ಚು ಬೇಡ... ಇದು ನಮ್ಮ ಕಸುಬಿನ ನಿಯಮ. ಮುಂದಿನ ಸಾಲು ಬರೆದರೆ ಬ್ಯಾಂಕು ಅದನ್ನು ಅನಾಂಗನಿಗೂ ತೋರಿಸುತ್ತದೆ. ದೂರದ ಊರಲ್ಲಿ ಒಬ್ಬನೇ ಕೂತು ಅವನು ಆ ರೇಡಿಯೋ ಮಾತನ್ನು ಓದಬೇಕು.

"ಏನ್ ಮಾಡ್ಲಿ ಅಕ್ಕಾ?"

ಬೋರ್ಟೆಲೆ ಉಳಿಯ ಮೇಲಿನ ಮರದ ಪುಡಿ ಊದಿದಳು.

"ಅಜ್ಜ ಗೇಟು ತೋರಿಸ್ದ. ಊರೆಲ್ಲ ನೆಲ ನೋಡ್ತಾ ನಿಂತ್ಕೊಂಡ್ತು. ನಾನೂ ನಿಂತ್ಕೊಂಡೆ ಕಣೋ." ಮೂಗು ಒರೆಸಿಕೊಂಡಳು. "ಪೂರ್ತಿ ಬರಿ."

ಪೂರ್ತಿ ಬರೆದೆ. ಇಂಗ್ಲಿಷಿಗೆ ಅನುವಾದಿಸಿ ಕಳಿಸಿದೆ.

ಗೆದ್ದೆವು! ದುಡ್ಡು ಬೋರ್ಟೆಲೆಯ ಖಾತೆಗೆ ವಾಪಸ್ ಬಂತು. ಲಿಂಕ್ ಉಳಿಯಿತು. ಅವಳು ಕುಣಿಯಲಿಲ್ಲ. ನಾನೂ ಕುಣಿಯಲಿಲ್ಲ. ಯಾವ ಅಂಗಿ ಹಾಕಿದರೂ ನನಗೆ ಕರ್ಪೂರದ ವಾಸನೆ ಹೊಡೆಯುತ್ತಿತ್ತು.

ಅನಾಂಗ್ ಫೋನ್ ಮಾಡಿದ.

"ಅಣ್ಣಾ..." ಈ ಸಲ ಕಳ್ಳರು ಅನ್ನಲಿಲ್ಲ. "ಆ ಆಪರೇಷನ್ ದುಡ್ಡು. ಅದನ್ನ ವಾಪಸ್ ತರೋಕಾಗುತ್ತಾ?"

"ಹೇಗೆ ಕಳಿಸಿದ್ದೆ?"

"ಮೊಬೈಲ್ ಮನಿ. ಚಿಕ್ಕಪ್ಪನ ನಂಬರಿಗೆ."

"ಆಗಲ್ಲ ತಮ್ಮಾ. ಅದಕ್ಕೆ ಚಾರ್ಜ್‌ಬ್ಯಾಕ್ ಇಲ್ಲ."

ಅತ್ತ ಕಡೆ ರೈಲು ಹೋದ ಸದ್ದು. ಆಮೇಲೆ ಆ ವಿಡಿಯೋದ ಧ್ವನಿ ಕಳಿಸಿ ಅಂದ. ಬೇಡ ಅಂದೆ. ಅಪ್ಪ ಮಲಗಿದ್ದ ಜಾಗದ ಸದ್ದಾದರೂ ಕೇಳಬೇಕು ಅಂದ. ಕಳಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್.

"ಅಣ್ಣಾ, ನೀವು ಎಷ್ಟು ಸಲ ಬಡಿದ್ರಿ?"

"ಎರಡು."

"ಇದರಲ್ಲಿ ಮೂರಿದೆ."

ನಾನು ಹಾಕಿ ಕೇಳಿದೆ. ನನ್ನ ಎರಡು ಬಡಿತ. ಆಮೇಲೆ ಆ ಇಬ್ಬರ ಓಟ. ಚಪ್ಪಲಿಯ ಸದ್ದು. ಆಶಿಟೆ 'ಅಣ್ಣಾ' ಅನ್ನುವುದಕ್ಕೆ ತುಸು ಮುಂಚೆ... ಇನ್ನೊಂದು. ಮೆಲ್ಲಗೆ. ನನ್ನ ತಲೆಯ ಹತ್ತಿರ.

ಮರ ಪೆಟ್ರೋಲ್ ಕುಡಿದು ಉಬ್ಬಿದ ಸದ್ದು ಅಂತ ಬೋರ್ಟೆಲೆ ಹೇಳುತ್ತಾಳೆ. ಹಾಗೆ ಹೇಳುವಾಗ ನನ್ನ ಕಡೆ ನೋ‌ಡುವುದಿಲ್ಲ.

ಮುಂದಿನ ವಾರ ಹ್ಯಾಂಬರ್ಗಿನಿಂದ ಆರ್ಡರ್ ಬಂತು. ಎರಡು ಪೆಟ್ಟಿಗೆ. ಒಂದು, ಮತ್ತೊಂದು ಕೆಂಪು ಮೀನು. ಅನಾಂಗ್ ಬರುತ್ತಾನೆ. ಅಪ್ಪನನ್ನು ತಾನೇ ಎತ್ತಿ ಅದರಲ್ಲಿ ಮಲಗಿಸುತ್ತಾನೆ.

ಇನ್ನೊಂದು ಗೇಟಿನ ಆಕಾರದ್ದು. ಹಸಿರು ಬಣ್ಣ. ಅಳತೆ, ಚಿಕ್ಕಪ್ಪ ಆಶಿಟೆಯದು. ಯಾವಾಗ ಬೇಕು ಅಂತ ಬರೆದಿರಲಿಲ್ಲ. ದುಡ್ಡು ಮಾತ್ರ ಪೂರ್ತಿ ಬಂದಿತ್ತು.

ಬೋರ್ಟೆಲೆ ಉಳಿ ಮಸೆಯುತ್ತ ಕೇಳಿದಳು.

"ಈ ಸಲ ತಕರಾರು ಬರಬಾರದು ಕಣೋ. ಏನೇನು ಪುರಾವೆ ಇಟ್ಕೊಳ್ಲಿ?"

"ರಸೀದಿಗೆ ಸಹಿ ಅಕ್ಕಾ. ಸಹಿ ಇದ್ರೆ ಸಾಕು."

"ಯಾರು ಹಾಕ್ತಾರೋ?"

ರಸೀದಿ ಪುಸ್ತಕ ತೆಗೆದುಕೊಂಡು ಹಸಿರು ಗೇಟಿನ ಮನೆಗೆ ನಾನೇ ಹೋದೆ. ಆಶಿಟೆಯ ಕೈಗೆ ಪೆನ್ನನ್ನೂ ನಾನೇ ಕೊಟ್ಟೆ.